ತಣ್ಣನೆಯ ಕಲ್ಲು

ನಮ್ಮ ಲೆಕ್ಕದ ಮಾಸ್ತರರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಅರ್ಧ ಸವೆದಿರುತ್ತಿತ್ತು. ಶಹಾಬಾದ್ ಕಲ್ಲಿನ ಚಕ್ಕೆಗಳನ್ನು ಮನೆಯ ಮೆಟ್ಟಿಲಿಗೆ ತಿಕ್ಕಿ ತಿಕ್ಕಿ ಒಂದೇ ಅಳತೆಗೆ ತಂದು, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಅಂಕಿ ಬರೆದು ಗಡಿಗೆಗೆ ಹಾಕುತ್ತಿದ್ದರು. "ಚೀಟಿ ನಂಬಬ್ಯಾಡ್ರಿ. ಮಡಚಿದವನ ಬೆರಳು ಅದರಾಗ ಇರ್ತದ" ಎನ್ನುತ್ತಿದ್ದರು.

ತರಗತಿಯಲ್ಲಿ ಬೋರ್ಡಿಗೆ ಯಾರು ಬರಬೇಕೆಂದು ಆ ಗಡಿಗೆಯೇ ಹೇಳಬೇಕು. ಸತತ ಮೂರು ದಿನ ನನ್ನ ಅಂಕಿಯೇ ಬಂದಾಗ ಅತ್ತುಬಿಟ್ಟೆ. "ನಿನ್ನಿ ಬಂದದ್ದು ನಿನಗ ನೆನಪದ, ಕಲ್ಲಿಗೆ ನೆನಪಿಲ್ಲ. ಬಾ ಇಲ್ಲಿ" ಎಂದರು. ಅವರಿಂದಲೇ ನಾನೂ ಲೆಕ್ಕದ ಮಾಸ್ತರನಾದೆ, ದೂರದ ಚಿಮ್ಮನಚೋಡಕ್ಕೆ ನೌಕರಿಗೆ ಹೋದೆ.

ಮುಂದೊಂದು ಬೇಸಿಗೆಯಲ್ಲಿ ನಮ್ಮೂರ ಸಂತೆಯಲ್ಲಿ ನೆರಳಿರುವ ಒಂದು ಮಳಿಗೆ ಖಾಲಿಯಾಯಿತು. ಬಿಸಿಲಲ್ಲಿ ಚೀಲ ಹಾಸಿ ಕೂರುವ ಎಂಟು ಹೆಣ್ಣುಮಕ್ಕಳು ಅದನ್ನು ಕೇಳಿದರು. ಮಾಸ್ತರರ ಗಡಿಗೆಯೇ ಬರಲಿ ಎಂದರು ಎಲ್ಲರೂ. ಕಲ್ಲು ಎತ್ತಲು ಮಾಸ್ತರರು ನಂಬಿದ್ದು ರಜೆಗೆ ಊರಿಗೆ ಬಂದಿದ್ದ ನನ್ನನ್ನು.

ಗಡಿಗೆ ಹಿಂದಿನ ದಿನವೇ ಸಂತೆ ಕಮಿಟಿಯ ಕೋಣೆ ಸೇರಿತ್ತು. ಕಮಿಟಿಯ ಅಧ್ಯಕ್ಷ ನನ್ನ ಹೆಗಲ ಮೇಲೆ ಕೈ ಹಾಕಿದ. ಆ ಎಂಟು ಜನರಲ್ಲಿದ್ದ ಅವನ ನಾದಿನಿಯ ಅಂಕಿಯ ಕಲ್ಲನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಎತ್ತುವ ಹೊತ್ತಿಗೆ ಗಡಿಗೆಗೆ ಹಾಕುತ್ತಾನಂತೆ. "ತಣ್ಣಗಿರೋದು ತಗೀರಿ ಸರ. ನಿಮ್ಮನ್ನ ಊರಿಗೆ ವರ್ಗಾ ಮಾಡಸೂದು ನನಗ ಬಿಡ್ರಿ."

ಥೂ, ನಾನು ಹೂಂ ಅಂದೆ.

ಮರುದಿನ ಗಡಿಗೆಯಲ್ಲಿ ಬಲಗೈ ಆಡಿಸಿದೆ. ಏಳು ಕಲ್ಲು ಬೆಚ್ಚಗಿದ್ದವು. ಎಂಟನೆಯದನ್ನು ಎತ್ತಿ ಮಾಸ್ತರರಿಗೆ ಕೊಟ್ಟೆ. ಅವರು ಅಂಕಿ ಓದಲಿಲ್ಲ. ಮುಷ್ಟಿಯಲ್ಲಿ ಹಿಡಿದು ನನ್ನ ಮುಖ ನೋಡಿದರು.

"ಇದು ತಣ್ಣಗದ. ಮತ್ತೊಮ್ಮಿ ತಗೀಬೇಕು."

"ಮಾಸ್ತರರಿಗೆ ವಯಸ್ಸಾತು" ಎಂದು ಅಧ್ಯಕ್ಷ ನಕ್ಕ. "ಸರ, ನೀವ ಹೇಳ್ರಿ, ತಣ್ಣಗಿತ್ತೇನು?"

"ಇಲ್ಲ" ಎಂದೆ.

ಕೈಯಿಂದ ಕೈಗೆ ಹೋಗುವಷ್ಟರಲ್ಲಿ ಕಲ್ಲೂ ಬೆಚ್ಚಗಾಗಿತ್ತು. ಮಳಿಗೆ ಅಧ್ಯಕ್ಷನ ನಾದಿನಿಗೆ ಹೋಯಿತು. ಪಲ್ಲೆ ಮಾರುವ ಮುದುಕಿಯೊಬ್ಬಳು "ನಮ್ಮ ಹಣೇಬರಹ, ಮಾಸ್ತರ್ ಏನ್ ಮಾಡ್ತಾರ" ಎನ್ನುತ್ತ ಮತ್ತೆ ಬಿಸಿಲಿಗೆ ಚೀಲ ಹಾಸಿದಳು. ನಮ್ಮ ಹೊಲಸನ್ನು ಆಕೆ ತನ್ನ ಹಣೆಗೆ ಹಚ್ಚಿಕೊಂಡಳು.

ನನಗೆ ವರ್ಗಾವಣೆಯಾಯಿತು. ಮಾಸ್ತರರು ಗಡಿಗೆ ಒಡೆದು ಹಾಕಿದರು. ಮತ್ತೆ ನನ್ನನ್ನು ಮನೆಗೆ ಕರೆಯಲಿಲ್ಲ.

ಹೋದ ವರ್ಷ ತೀರಿಕೊಂಡರು. ಕೊನೆಯ ಸಲ ನೋಡಲು ಬಗ್ಗಿದಾಗ ಅವರ ಹೆಬ್ಬೆರಳು ಕಂಡಿತು. ಉಗುರು ಪೂರ್ತಿ ಬೆಳೆದಿತ್ತು. ಕುಣಿಗೆ ಮಣ್ಣು ಹಾಕುವಾಗ ಹಿಂದಿದ್ದವರು ಯಾರೋ "ಬಲಗೈಲೆ ಹಾಕ್ರಿ ಸರ" ಎಂದರು.

ನಾನು ಎಡಗೈಯಿಂದಲೇ ಹಾಕಿದೆ.