ಕಪಾಟಿನಲ್ಲಿದ್ದ ಪೆನ್ನು

ಮಕ್ಕಳು ಸಣ್ಣವರಿದ್ದಾಗ ಕ್ರಿಸ್ಮಸ್ಸಿಗೆ ಅವರಿಗೇನು ಕೊಡುವುದೆಂದು ನಾನು ಯಾವತ್ತೂ ತಲೆ ಕೆಡಿಸಿಕೊಂಡವಳಲ್ಲ. ಮಗಳಿಗೆ ರಿಬ್ಬನ್, ಮಗನಿಗೆ ಬುಗುರಿ, ಇಬ್ಬರಿಗೂ ಒಂದೇ ಬಟ್ಟೆಯಲ್ಲಿ ಹೊಲಿದ ಹೊಸ ಅಂಗಿ. ತಲೆನೋವು ಶುರುವಾದದ್ದು ಅವರು ಸಂಪಾದನೆಗೆ ಹತ್ತಿದ ಮೇಲೆ. ಐವತ್ತರ ದಶಕ ಮುಗಿಯುವ ಹೊತ್ತಿಗೆ ಮಗಳು ಬೊಂಬಾಯಿಯಲ್ಲಿ ನರ್ಸ್, ಮಗ ಕುವೈತಿನ ಎಣ್ಣೆ ಕಂಪೆನಿಯೊಂದರಲ್ಲಿ ಗುಮಾಸ್ತ. ನಾನು ಮಂಗಳೂರಿನ ಜೆಪ್ಪುವಿನಲ್ಲಿದ್ದುಕೊಂಡು ಹುಡುಗಿಯರ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ಕೈಗಡಿಯಾರ, ಟ್ರಾನ್ಸಿಸ್ಟರ್, ನೈಲಾನ್ ಬಟ್ಟೆ, ಎಲ್ಲವೂ ಇದ್ದ ಮಕ್ಕಳಿಗೆ ಒಬ್ಬ ಟೀಚರ್ ಏನು ಕೊಡಬೇಕು? ಒಂದು ವರ್ಷ ಹಂಪನಕಟ್ಟೆಯ ಅಂಗಡಿಗಳನ್ನೆಲ್ಲ ಸುತ್ತಿ ಮಗನಿಗೆ ಅರ್ಧ ಡಜನ್ ಕರ್ಚೀಫು ತಂದೆ. ರಜೆ ಮುಗಿಸಿ ಹೊರಟಾಗ ಅವನು ಅದನ್ನು ಕಿಟಕಿಯ ಮೇಲೆ ಮರೆತು ಹೋದ. ಮರೆತದ್ದೋ ಬಿಟ್ಟದ್ದೋ ಎಂದು ನಾನು ಎಂಟು ದಿನ ಉರಿದುಕೊಂಡೆ. ಆಮೇಲೆ ಆ ಕರ್ಚೀಫುಗಳಿಂದ ಕಪ್ಪುಹಲಗೆ ಒರಸಿದೆ.

ಆಗ ನನಗೆ ಕಪಾಟಿನ ನೆನಪಾಯಿತು. ನಮ್ಮ ಕಡೆಯ ಮನೆಗಳಲ್ಲಿ ಆಗ ಹೊರದೇಶದ ಸಾಮಾನು ಬಂದರೆ ಅದು ಬಳಸಲಿಕ್ಕಲ್ಲ, ಇಡಲಿಕ್ಕೆ. ಮಕ್ಕಳು ತಂದದ್ದನ್ನೆಲ್ಲ ನಾನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ನೆರೆಯ ಹೆಂಗಸರು ಬಂದರೆ ಬಾಗಿಲು ತೆರೆದು ತೋರಿಸಿ ಮತ್ತೆ ಮುಚ್ಚುತ್ತಿದ್ದೆ. ಪರಿಮಳದ ಸೋಪು, ಹಾಸುವಸ್ತ್ರ, ಟಾರ್ಚು, ಸೀರೆ, ಎಲ್ಲವೂ ಕಾಗದ ಸುತ್ತಿದ ಹಾಗೆಯೇ ಇದ್ದವು. ಒಳ್ಳೆಯ ದಿನಕ್ಕಿರಲಿ ಎನ್ನುತ್ತಿದ್ದೆ. ಆ ದಿನ ಯಾವುದೆಂದು ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ನನ್ನ ಉಪಾಯ ಇಷ್ಟೇ: ಮಗ ತಂದದ್ದನ್ನು ಮಗಳಿಗೆ, ಮಗಳು ತಂದದ್ದನ್ನು ಮಗನಿಗೆ ಕೊಡುವುದು. ಗೊಂದಲವಾಗದಂತೆ ಪ್ರತಿಯೊಂದರ ಮೇಲೂ ಗಂಜಿಯ ಅಂಟಿನಿಂದ ಚೀಟಿ ಹಚ್ಚಿ ಯಾರು ತಂದದ್ದೆಂದು ಬರೆದೆ. ಮೊದಲ ವರ್ಷ ಕುವೈತಿನ ಟವೆಲು ಮಗಳ ಕೈ ಸೇರಿತು. ಅವಳಿಗೆ ಬಹಳ ಖುಷಿಯಾಯಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಮರುವರ್ಷ ಮಳೆಗಾಲ ಮುಗಿದ ಮೇಲೆ, ಬೂಷ್ಟು ಹಿಡಿಯದಿರಲೆಂದು ಎಲ್ಲವನ್ನೂ ಅಂಗಳದ ಚಾಪೆಯ ಮೇಲೆ ಹರಡಿ ಬಿಸಿಲಿಗಿಟ್ಟಾಗ ನೋಡುತ್ತೇನೆ, ಗಂಜಿಯ ಆಸೆಗೆ ಜಿರಲೆಗಳು ಚೀಟಿಗಳನ್ನು ತಿಂದು ಹಾಕಿದ್ದವು. ಹೋಗಲಿ ಎಂದುಕೊಂಡೆ. ನಲವತ್ತು ಹುಡುಗಿಯರ ಹಾಜರಿಯನ್ನು ಪುಸ್ತಕ ನೋಡದೆ ಕರೆಯುವವಳಿಗೆ ಇಷ್ಟು ನೆನಪಿರದೆ? ನೆನಪಿನಿಂದಲೇ ಹೊಸ ಚೀಟಿ ಬರೆದೆ. ಉದ್ದನೆಯ ಪೆಟ್ಟಿಗೆಯಲ್ಲಿದ್ದ ಒಂದು ಫೌಂಟನ್ ಪೆನ್ನಿಗೆ ‘ಮಗಳು’ ಎಂದು ಹಚ್ಚಿದೆ.

ಆ ಡಿಸೆಂಬರಿನಲ್ಲಿ ಮಗನಿಗೆ ರಜೆ ಸಿಕ್ಕಿತ್ತು. ಕ್ರಿಸ್ಮಸ್ಸಿನ ದಿನ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಬಂದು, ಕಾಫಿಗೆ ಕುಳಿತಾಗ ನೆವ್ರಿ, ಚಕ್ಕುಲಿ ಎಂದು ಹಬ್ಬದ ತಿಂಡಿ ತುಂಬಿದ ಕುಸ್ವಾರಿನ ತಟ್ಟೆಯ ಪಕ್ಕದಲ್ಲಿ ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆಯನ್ನಿಟ್ಟೆ. ಅವನು ಕಾಗದ ಬಿಡಿಸಿದ. ಕೈಯಲ್ಲಿದ್ದ ನೆವ್ರಿಯನ್ನು ತಟ್ಟೆಗೆ ಹಿಂದಕ್ಕಿಟ್ಟ.

“ಮಾಂಯ್, ಇದು ನಾನು ತಂದ ಪೆನ್ನಲ್ವಾ?”

ನಾನು ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ.

“ಮೊದಲನೇ ರಜೆಗೆ ಬಂದಾಗ ಕೊಟ್ಟದ್ದು. ಇದರಲ್ಲಿ ನನಗೆ ಕಾಗದ ಬರಿ ಅಂತ ಹೇಳಿದ್ದೆ.”

ಹೇಳಿದ್ದ. ಆ ಕ್ಷಣಕ್ಕೆ ಎಲ್ಲವೂ ನೆನಪಾಯಿತು, ಪೆನ್ನು ಕೊಡುವಾಗ ಅವನು ನಕ್ಕದ್ದು ಕೂಡ. ಆಮೇಲೆಯೂ ನಾನು ಶಾಲೆಯ ಮಸಿಕುಡಿಕೆಗೆ ಸ್ಟೀಲ್ ನಿಬ್ಬು ಅದ್ದಿಯೇ ವಾರಕ್ಕೊಂದು ಕಾಗದ ಬರೆಯುತ್ತಿದ್ದೆ. ತಪ್ಪಾಯಿತು ಮಗಾ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆಗೆ ತಪ್ಪು ಒಪ್ಪಿಕೊಂಡು ಅಭ್ಯಾಸವಿರಲಿಲ್ಲ.

“ಆದ್ರೆ ಎಂತ ಈಗ? ಹಾಳು ಮಾಡಿದ್ದೇನಾ? ತಂದ ಹಾಗೆಯೇ ಉಂಟಲ್ಲ,” ಎಂದೆ.

ಅವನು ಎದ್ದು ಕಪಾಟಿನ ಕೀಲಿಕೈ ಕೇಳಿದ. ಕೊಟ್ಟೆ. ಬಾಗಿಲು ತೆರೆದು ಬಹಳ ಹೊತ್ತು ನೋಡುತ್ತ ನಿಂತ. ಒಂದು ಸೋಪನ್ನು ಮೂಸಿ ನೋಡಿದ. ಅದರಲ್ಲಿ ಪರಿಮಳ ಉಳಿದಿರಲಿಲ್ಲ ಎಂದು ನನಗೆ ಈಗ ಗೊತ್ತು. ಅವನು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನಾನೂ ಎರಡು ಮಾತು ಹೆಚ್ಚೇ ಆಡಿ ಹಗುರಾಗುತ್ತಿದ್ದೆ.

“ನಿನ್ನ ಹತ್ತಿರ ಎಲ್ಲ ಉಂಟು ಮಾಂಯ್,” ಎಂದ. “ನಾನು ತರ್ಲಿಕ್ಕೆ ಎಂತದೂ ಇಲ್ಲ.”

ಬಾಗಿಲು ಮುಚ್ಚಿ ಕೀಲಿಕೈ ಹಿಂದಕ್ಕೆ ಕೊಟ್ಟ. ಮಧ್ಯಾಹ್ನ ಊಟಕ್ಕೆ ಕುಳಿತ. ಇಡ್ಲಿಯಂಥ ಸನ್ನಗಳಲ್ಲಿ ಎರಡೇ ತಿಂದ. ರಜೆ ಮುಗಿಸಿ ಹೋಗುವಾಗ ಪೆನ್ನನ್ನು ಮಾತ್ರ ಮರೆಯದೆ ತೆಗೆದುಕೊಂಡು ಹೋದ, ನಾನು ಕೊಟ್ಟ ಉಡುಗೊರೆಯಲ್ಲವೇ.

ಆಮೇಲೆ ಅವನು ಬರುವಾಗ ಏನನ್ನೂ ತರಲಿಲ್ಲ. ತಿಂಗಳು ತಪ್ಪದೆ ಹಣ ಕಳುಹಿಸುತ್ತಿದ್ದ. ಅದರಲ್ಲಿ ಕೊರತೆ ಮಾಡಿದನೆಂದರೆ ನಾಲಿಗೆಗೆ ಹುಳ ಬಿದ್ದೀತು. ಆದರೆ ಅಂಗಡಿಯಲ್ಲಿ ನಿಂತು, ಇದು ಮಾಂಯ್‌ಗೆ ಆದೀತೇ ಎಂದು ತಿರುಗಿಸಿ ಮುರುಗಿಸಿ ನೋಡುವುದನ್ನು ಅವನು ಬಿಟ್ಟ. ನಾನು ಕಳೆದುಕೊಂಡದ್ದು ಅದನ್ನು.

ನಾನು ಬೀಗ ತೆಗೆದೆ. ಹಾಸುವಸ್ತ್ರ ಹಾಸಿದೆ, ಪರಿಮಳವಿಲ್ಲದ ಸೋಪಿನಿಂದ ಸ್ನಾನ ಮಾಡಿದೆ, ಮಗಳು ತಂದ ಸೀರೆಯನ್ನು ಶಾಲೆಗೇ ಉಟ್ಟುಕೊಂಡು ಹೋದೆ. ಮಡಿಕೆಯ ಗೆರೆಯಲ್ಲಿ ಅದು ಎರಡು ಕಡೆ ಹರಿಯಿತು. ಇದನ್ನೆಲ್ಲ ಮಗನಿಗೆ ಬರೆಯಬೇಕೆನಿಸಿತು, ಹೇಗೆ ಬರೆಯುವುದೆಂದು ತಿಳಿಯಲಿಲ್ಲ. ಇಸವಿ ಅರುವತ್ತೈದೋ ಅರುವತ್ತಾರೋ, ಅವನ ಇನ್ನೊಂದು ರಜೆಗೆ ಮೊದಲು, ಧೈರ್ಯ ಮಾಡಿ ವಾರದ ಕಾಗದಕ್ಕೆ ಒಂದೇ ಸಾಲು ಸೇರಿಸಿದೆ: ನಿಬ್ಬು ಕಾಗದವನ್ನು ಗೀರುತ್ತದೆ, ಬರುವಾಗ ನನಗೊಂದು ಪೆನ್ನು ತಾ.

ಮೂರು ವಾರಕ್ಕೆ ಉತ್ತರ ಬಂತು, ಆ ಪೆನ್ನಿನದೇ ಸಪೂರ ನೀಲಿ ಅಕ್ಷರದಲ್ಲಿ. ಹಂಪನಕಟ್ಟೆಯಲ್ಲಿ ಈಗ ಒಳ್ಳೊಳ್ಳೆಯ ಪೆನ್ನುಗಳು ಸಿಗುತ್ತವಂತೆ, ನಿನಗೆ ಬೇಕಾದ್ದು ನೀನೇ ನೋಡಿ ತೆಗೆದುಕೋ, ಅದಕ್ಕೂ ಸೇರಿಸಿ ಹಣ ಕಳುಹಿಸಿದ್ದೇನೆ ಎಂದು ಬರೆದಿದ್ದ.