ತಿರುವು ಗುಡಿಸುವ ಕೊಲ್ಲಾಪುರಮ್ಮ

ಕೊಲ್ಲಾಪುರಮ್ಮ ರಸ್ತೆಯಂಚಿನ ಕಲ್ಲಿನ ಪಕ್ಕ ಚಪ್ಪಲಿ ಬಿಡುತ್ತಾರೆ. ಈಚಲು ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡು, ತಿರುವಿನ ಮೇಲ್ತುದಿಯಿಂದ ಕೆಳತುದಿಯವರೆಗೆ ಬರಿಗಾಲಲ್ಲಿ ನಡೆಯುತ್ತಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಡಾಂಬರಿನ ಮೇಲಿನ ಮರಳು ಕಣ್ಣಿಗೆ ಕಾಣದ ಹೊತ್ತು ಇದು. ಅಂಗಾಲಿಗೆ ಮಾತ್ರ ಗೊತ್ತಾಗುತ್ತದೆ. ಒಂದು ಕಡೆ ನಿಂತು ಹೆಬ್ಬೆರಳಿನಿಂದ ನೆಲ ಒರೆಸಿ ನೋಡುತ್ತಾರೆ. ಆಮೇಲೆ ಬಗ್ಗಿ ಅಲ್ಲಿಂದಲೇ ಗುಡಿಸಲು ಶುರು ಮಾಡುತ್ತಾರೆ.

ಮಧುಗಿರಿಯಿಂದ ಮಿಡಿಗೇಶಿ ಕಡೆಗೆ ಹೋಗುವ ದಾರಿಯಲ್ಲಿ, ಬಿಳಿಗುಂಡ್ಲಹಳ್ಳಿ ದಾಟಿದ ಮೇಲೆ ರಸ್ತೆ ಇಳಿಜಾರಿನಲ್ಲಿ ಎಡಕ್ಕೆ ಹೊರಳುತ್ತದೆ. ಹೊಲಗಳ ಕಡೆಯಿಂದ ಬರುವ ಮಣ್ಣಿನ ಬಂಡಿದಾರಿ ಕೂಡಿಕೊಳ್ಳುವುದೂ ಇಲ್ಲೇ. ಟ್ರ್ಯಾಕ್ಟರ್‌ಗಳು ಚಕ್ರದಲ್ಲಿ ಅಂಟಿಸಿಕೊಂಡು ಬಂದ ಮಣ್ಣು, ಮಳೆ ಕೊಚ್ಚಿಕೊಂಡು ಬಂದ ಗರಸು ಎಲ್ಲವೂ ತಿರುವಿನ ಒಳಮಗ್ಗುಲಲ್ಲಿ ಬಂದು ಕೂರುತ್ತದೆ. ದ್ವಿಚಕ್ರ ವಾಹನದವರು ಸಹಜವಾಗಿ ಹಿಡಿಯುವ ಜಾಗವೂ ಅದೇ.

ಐವತ್ತೈದು ದಾಟಿದ ಕೊಲ್ಲಾಪುರಮ್ಮ ರಸ್ತೆ ನಿರ್ವಹಣೆಯ ಗುತ್ತಿಗೆದಾರರೊಬ್ಬರ ಕೈಕೆಳಗೆ ದಿನಗೂಲಿ ಕೆಲಸಗಾರ್ತಿ. ಗುಂಡಿಗೆ ಜಲ್ಲಿ ತುಂಬುವುದು, ಅಂಚಿನ ಜಾಲಿ ಕಡಿಯುವುದು, ಚರಂಡಿಯ ಹೂಳೆತ್ತುವುದು ಅವರ ಗ್ಯಾಂಗಿನ ಕೆಲಸ. ಬೆಳಗಿನ ಮೊದಲ ಬಸ್ಸು ಹೋದ ಮೇಲೆ ಗ್ಯಾಂಗು ಸೇರುತ್ತದೆ. ತಿರುವು ಗುಡಿಸುವುದು ಆ ಲೆಕ್ಕಕ್ಕೆ ಸೇರಿಲ್ಲ. ಅದನ್ನು ಮಾಡು ಎಂದು ಯಾರೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ.

"ಮೊದ್ಲು ಒಳಗಿಂದ ಆಚೆಗೆ ಗುಡಿಸ್ತಿದ್ದೆ. ಲಾರಿ ಬಂದ್ರೆ ಎಲ್ಲಾ ಹಿಂದಕ್ಕೇ ಬರ್ತಿತ್ತು" ಎನ್ನುತ್ತಾರೆ ಅವರು, ಸೊಂಟದ ಮೇಲೆ ಕೈಯಿಟ್ಟು ನಿಧಾನಕ್ಕೆ ನೆಟ್ಟಗಾಗುತ್ತಾ. "ಈಗ ಇಳಿಜಾರಿನ ಜೊತೇಲೇ ತಳ್ಕೊಂಡು ಹೋಗಿ ಮೋರಿಗೆ ಆಕ್ತೀನಿ. ನೀರು ಹೆಂಗೆ ಓಗುತ್ತೋ ಅಂಗೆ ಗುಡಿಸ್ಬೇಕು ಕಣಪ್ಪ."

ಈ ವರ್ಷ ಈ ತಿರುವಿನ ಮೇಲೆ ಇನ್ನೂ ಕೆಲವರ ಕಣ್ಣು ಬಿದ್ದಿದೆ. ಹಲವು ದಿನ, ದಿನಕ್ಕೊಂದು ಹಂತವಾಗಿ ನಡೆಯುವ 'ದಖ್ಖನ್ ಟೂರ್' ವೃತ್ತಿಪರ ಸೈಕಲ್ ರೇಸಿನ ಒಂದು ಹಂತ ತುಮಕೂರಿನಲ್ಲಿ ಹೊರಟು ಪಾವಗಡದಲ್ಲಿ ಮುಗಿಯುವುದು ಖಚಿತವಾಗಿದೆ. ನಡುವಿನ ದಾರಿ ಮಾತ್ರ ಇನ್ನೂ ಪ್ರಕಟವಾಗಿಲ್ಲ. ಕೊರಟಗೆರೆ, ಮಧುಗಿರಿ ಮೇಲೆ ಬರಬಹುದು. ಇಲ್ಲವೇ ಹೆದ್ದಾರಿ ಹಿಡಿದು ಶಿರಾ ಕಡೆಯಿಂದ ಸುತ್ತಬಹುದು. ವಿದೇಶಿ ತಂಡಗಳು ಬರುವ ರೇಸು ಎಂಬುದರಿಂದ ಈ ಎಲ್ಲ ಊರುಗಳಲ್ಲೂ ಇದೇ ಮಾತು.

ಕೊರಟಗೆರೆ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಖಾಸಗಿ ಬಸ್ಸಿನ ಕಂಡಕ್ಟರ್‌ಗಳು ಮಾರ್ಗವನ್ನು ಆಗಲೇ ನಿಗದಿ ಮಾಡಿಬಿಟ್ಟಿದ್ದಾರೆ. ಮಧುಗಿರಿಯ ಬೆಟ್ಟ ತೋರಿಸದೆ ಟಿವಿಯವರು ಮತ್ತೇನು ತೋರಿಸುತ್ತಾರೆ ಎಂಬುದು ಅವರ ವಾದ. ಶಿರಾದವರು ತಮ್ಮ ನುಣುಪಾದ ಹೆದ್ದಾರಿ ತೋರಿಸುತ್ತಾರೆ. ಪಾವಗಡದವರಿಗೆ ಚಿಂತೆಯಿಲ್ಲ. ಅಲ್ಲಿನ ಬಸ್ ನಿಲ್ದಾಣದೆದುರು ಹೂವು ಮಾರುವ ಜಗದಾಂಬ, "ಏ ದಾರೀಲಿ ಬಂದ್ರೂ ಕೊನೆಗೆ ಬರೋದು ಮಾ ಊರಿಗೇ ಕದಾ!" ಎಂದು ಕನ್ನಡಕ್ಕೆ ತೆಲುಗು ಬೆರೆಸಿ ನಗುತ್ತಾರೆ.

ಕೊಲ್ಲಾಪುರಮ್ಮನಿಗೆ ರೇಸಿನ ಗೆಲುವು ಸೋಲು ಗೊತ್ತಿಲ್ಲ. ದಾರಿ ಯಾವುದು ಎಂಬುದೊಂದೇ ಅವರಿಗೆ ಬೇಕು. ಮಾರ್ಗ ಮಧುಗಿರಿ ಮೇಲೆ ಬಂದರೆ ಈ ತಿರುವನ್ನು ಅಗಲಗೊಳಿಸಿ, ಹೊರಮಗ್ಗುಲು ಎತ್ತರಿಸಿ, ಮಣ್ಣಿನ ಬಂಡಿದಾರಿ ಕೂಡುವ ಕಡೆ ಕಾಂಕ್ರೀಟು ಹಾಕುತ್ತಾರೆ. "ಯೋಜನೆ ತಯಾರಿದೆ. ರೇಸ್ ಈ ಕಡೆ ಆದರೆ ಅದಕ್ಕೆ ಮೊದಲ ಸರದಿ. ಇಲ್ಲದಿದ್ದರೆ ಬೇರೆ ರಸ್ತೆಗಳ ಜೊತೆ ಕಾಯಬೇಕು. ಎಷ್ಟು ದಿನ ಅಂತ ಅಮ್ಮನಿಗೆ ನಾನು ಸುಳ್ಳು ಹೇಳಲಾರೆ" ಎನ್ನುತ್ತಾರೆ ಈ ಭಾಗದ ಎಂಜಿನಿಯರ್ ಪ್ರಸನ್ನ ಕುಮಾರ್.

ಕಾಯಲು ಕೊಲ್ಲಾಪುರಮ್ಮನ ಮಂಡಿ ಒಪ್ಪುತ್ತಿಲ್ಲ. ಕಳೆದ ಮಳೆಗಾಲದಿಂದ ಬಗ್ಗಿದರೆ ಏಳುವುದು ಕಷ್ಟವಾಗಿದೆ. "ಇನ್ನೊಂದು ವರ್ಸ ಗುಡಿಸ್ತೀನೋ ಏನೋ. ಆಮೇಲೆ? ಗ್ಯಾಂಗಿನ ಸರಸಮ್ಮ ಗುಡಿಸ್ತೀನಿ ಅಂತಾಳೆ. ಅವ್ಳ ಊರು ಅಲ್ಲೆಲ್ಲೋ ಐತೆ. ಕತ್ತಲಲ್ಲಿ ಎದ್ದು ಬರಾಕಾಯ್ತದಾ?"

ಅವರ ಗಂಡ ಗಂಗಹನುಮಯ್ಯ ಇದೇ ರಸ್ತೆಯ ಗ್ಯಾಂಗಿನಲ್ಲಿ ಜೀವಮಾನ ಕಳೆದವರು. ಸೈಕಲ್ಲಿನ ನಡುಕೊಳವೆಗೆ ಸಲಿಕೆ ಕಟ್ಟಿಕೊಂಡು ಹೋಗುತ್ತಿದ್ದರು. ಊರಿನವರ ಬಾಯಲ್ಲಿ ಗಂಗಣ್ಣ. ಒಂಬತ್ತು ವರ್ಷಗಳ ಹಿಂದೆ, ಹುರುಳಿ ಕೊಯ್ಲಿನ ಕಾಲದಲ್ಲಿ, ಕೆಲಸ ಮುಗಿಸಿ ಇಳಿಜಾರಿನಲ್ಲಿ ಬರುವಾಗ ಈ ತಿರುವಿನಲ್ಲಿ ಸೈಕಲ್ಲು ಜಾರಿತು. ತಲೆ ಮೋರಿಯ ಕಲ್ಲಿಗೆ ಬಡಿಯಿತು. ತುಮಕೂರಿನ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು.

ಜಾರಿದ್ದು ಹುರುಳಿಯ ಮೇಲೆ. ಈ ಸೀಮೆಯಲ್ಲಿ ಕೊಯ್ಲಾದ ಹುರುಳಿ, ರಾಗಿಯನ್ನು ಡಾಂಬರು ರಸ್ತೆಯ ಮೇಲೆ ಹರಡುವುದು ರೂಢಿ. ಬಸ್ಸು, ಲಾರಿಗಳು ತುಳಿದುಕೊಂಡು ಹೋದರೆ ಒಕ್ಕಣೆ ತಾನಾಗಿಯೇ ಆಗುತ್ತದೆ. ತಿರುವಿನಲ್ಲಿ ವಾಹನಗಳು ನಿಧಾನವಾಗುವುದರಿಂದ ಕಾಳು ಸಿಡಿಯುವುದು ಕಡಿಮೆ ಎಂದು ಬಿಳಿಗುಂಡ್ಲಹಳ್ಳಿಯವರು ಇದೇ ಜಾಗ ಹಿಡಿಯುತ್ತಿದ್ದರು. ಸಂಜೆ ಹೊಟ್ಟು ತೂರಿ ಕಾಳು ಬಾಚಿಕೊಂಡು ಹೋದ ಮೇಲೂ ಅಲ್ಲಲ್ಲಿ ಉಳಿದ ಕಾಳು ಚಕ್ರದಡಿ ಉರುಳುತ್ತದೆ.

"ಯಾರ ಹುರುಳಿ ಅಂತ ನಾನು ಕೇಳ್ಲಿಲ್ಲ" ಎನ್ನುತ್ತಾರೆ ಕೊಲ್ಲಾಪುರಮ್ಮ. "ಕೇಳಿದ್ರೆ ಯಾರೋ ಒಬ್ರ ಹೆಸ್ರು ಬರ್ತಿತ್ತು. ಆಮ್ಯಾಕೆ ಅವ್ರ ಮನೆ ಮುಂದೆ ನಾನು ಹೆಂಗೆ ಓಡಾಡ್ಲಿ, ನಮ್ಮನೆ ಮುಂದೆ ಅವ್ರು ಹೆಂಗೆ ಓಡಾಡ್ಬೇಕು?"

ಗಂಡನ ಕಾರ್ಯ ಮುಗಿದ ವಾರದಲ್ಲೇ ಅವರು ಪೊರಕೆ ಹಿಡಿದು ಇಲ್ಲಿಗೆ ಬಂದರು. ಗ್ಯಾಂಗಿನ ಕೆಲಸ ಸಿಕ್ಕಿದ್ದು ಆಮೇಲೆ. ಅಂದಿನಿಂದ ಇಲ್ಲಿ ಬಿದ್ದವರಿಲ್ಲ ಎಂದಲ್ಲ. ಮಳೆ ಬಂದ ರಾತ್ರಿಯ ಮಣ್ಣಿಗೆ, ಕೊಯ್ಲಿನ ಕಾಲದ ಕಾಳಿಗೆ ಜಾರಿದವರನ್ನು ಅವರೇ ಎತ್ತಿ ಕೂರಿಸಿದ್ದಾರೆ, ನೀರು ಕೊಟ್ಟಿದ್ದಾರೆ. ಸತ್ತವರು ಮತ್ತೆ ಇಲ್ಲ. ಆದರೆ ಊರಿನವರು ಮಾತಿನಲ್ಲಿ ಈ ಜಾಗಕ್ಕೆ 'ಗಂಗಣ್ಣನ ತಿರುವು' ಎನ್ನತೊಡಗಿದರು. ಬಸ್ಸಿನ ಕಂಡಕ್ಟರ್‌ಗಳೂ ಈಗ ಹಾಗೇ ಕೂಗುತ್ತಾರೆ.

ಹುರುಳಿ ಹರಡುವವರ ಜೊತೆ ಅವರದು ವರ್ಷ ವರ್ಷದ ಜಟಾಪಟಿ. ಅದರಲ್ಲಿ ಎದುರಾಳಿ ಸಾಮಾನ್ಯವಾಗಿ ಕಾಡಸಿದ್ದಪ್ಪ. ತಿರುವಿನ ಪಕ್ಕದಲ್ಲೇ ಹೊಲವಿರುವ ಈ ರೈತ ವರಸೆಯಲ್ಲಿ ಅವರಿಗೆ ಮೈದುನ. ಈ ಸಲ ಕೊಯ್ಲಿಗೆ ಮುಂಚೆಯೇ ಕೊಲ್ಲಾಪುರಮ್ಮ ಅವರ ಮನೆಗೆ ಹೋಗಿ, ಊರಾಚೆಯ ಹಾಸುಬಂಡೆಯ ಮಾತು ತೆಗೆದರು. ಲಾರಿಗಳು ಹೆಚ್ಚುವ ಮೊದಲು ಇಡೀ ಊರು ಒಕ್ಕಣೆ ಮಾಡುತ್ತಿದ್ದದ್ದು ಆ ಚಪ್ಪಟೆ ಬಂಡೆಯ ಮೇಲೆ. ಈಗ ಅದರ ಸುತ್ತ ಜಾಲಿ, ಕತ್ತಾಳೆ ಬೆಳೆದು ದಾರಿಯೇ ಮುಚ್ಚಿತ್ತು.

"ಅತ್ಗೆ, ರಸ್ತೆ ಮ್ಯಾಲಾದ್ರೆ ಲಾರಿಯೋರು ಪುಕ್ಸಟ್ಟೆ ತುಳ್ಕೊಡ್ತಾರೆ. ನಿನ್ ಬಂಡೆ ಮ್ಯಾಲೆ ಯಾವ್ ಲಾರಿ ಬರುತ್ತೆ?" ಎಂದು ಕೇಳಿದರಂತೆ ಕಾಡಸಿದ್ದಪ್ಪ.

"ಲಾರಿ ಇಲ್ದಿದ್ದಾಗ ನಿಮ್ಮಪ್ಪ ಒಕ್ಕಣೆ ಮಾಡ್ದೆ ಉಪ್ವಾಸ ಸತ್ನೇನ್ಲಾ?"

"ನಮ್ಮಪ್ಪನ ಕಾಲ್ದಾಗೆ ತುಳಿಸಾಕೆ ರೋಣಗಲ್ಲಿತ್ತು, ಅದ್ನ ಎಳೆಯಾಕೆ ಎತ್ತಿತ್ತು."

"ನಿಂತಾವ ಟ್ರ್ಯಾಕ್ಟರ್ರಿಲ್ವಾ? ಮದ್ವೆ ಮನೆಗೆ ಅದ್ರಾಗೇ ಓಗ್ತೀಯ. ಬಂಡೆ ಅತ್ಸಕ್ಕೆ ನಾಚ್ಕೆನಾ?"

ಮಾತು ನಗೆಯಲ್ಲಿ ಮುಗಿಯಿತು. ಕೆಲಸ ಆಗಲಿಲ್ಲ. ಕೊಲ್ಲಾಪುರಮ್ಮ ಮಾತ್ರ ರಜೆಯ ದಿನಗಳಲ್ಲಿ ಸರಸಮ್ಮನನ್ನು ಕರೆದುಕೊಂಡು ಹೋಗಿ ಜಾಲಿ ಕಡಿದರು. ಟ್ರ್ಯಾಕ್ಟರು ಹತ್ತುವಷ್ಟು ಅಗಲಕ್ಕೆ ದಾರಿ ಬಿಡಿಸಿದರು. ಬಂಡೆಯನ್ನು ನೀರು ಹಾಕಿ ತೊಳೆದರು. ಅಲ್ಲಿಗೆ ಯಾರೂ ಬರಲಿಲ್ಲ.

ಡಿಸೆಂಬರ್‌ನಲ್ಲಿ ರೇಸಿನವರು ದಾರಿ ನೋಡಲು ಬರುತ್ತಾರೆಂಬ ಸುದ್ದಿ ಬಂತು. ಅವರು ಬರಲಿದ್ದ ದಿನ ಬೆಳಗ್ಗೆ ಕೊಲ್ಲಾಪುರಮ್ಮ ತಿರುವಿಗೆ ಬಂದಾಗ ಕಾಲಿಗೆ ಸಿಕ್ಕಿದ್ದು ಮರಳಲ್ಲ, ಹುರುಳಿ ಬಳ್ಳಿ. ತಿರುವಿನ ಉದ್ದಕ್ಕೂ ಕಾಡಸಿದ್ದಪ್ಪನ ಬೆಳೆ ಇಬ್ಬನಿಯಲ್ಲಿ ನೆನೆದು ಬಿದ್ದಿತ್ತು. ಹಿಂದಿನ ಸಂಜೆ ಹರಡಿದ್ದರು. ರೇಸಿನವರು ಬರುವ ದಿನ ಅವರಿಗೆ ತಿಳಿದಿರಲಿಲ್ಲ.

ಮುಂದಿನದನ್ನು ಕಾಡಸಿದ್ದಪ್ಪನೇ ಹೇಳುತ್ತಾರೆ. "ಹೊಲದ ತಾವ ಬಂದೆ. ನೋಡಿದ್ರೆ ಅತ್ಗೆ ಪೊರಕೆ ಅಲ್ಲಿ ಕಲ್ಲಿನ್ಮ್ಯಾಲೆ ಇಕ್ಕಿದ್ಲು. ಮಂಡಿ ಊರ್ಕೊಂಡು ಕೈಯಾಗೇ ಬಳ್ಳಿ ಬಾಚ್ತಾವ್ಳೆ. ಉದ್ರಿದ ಕಾಳ್ನೂ ಸೆರಗಿಗೆ ತುಂಬ್ಕೊಂತಾವ್ಳೆ. ಪೊರಕೇಲಿ ತಳ್ಳಿದ್ರೆ ಒಂದು ಗಳಿಗೆ ಕೆಲ್ಸ. ಯಾಕತ್ಗೆ ಅಂದೆ. 'ರಸ್ತೆ ಗುಡ್ಸೋ ಪೊರಕೇನ ಅನ್ನಕ್ಕೆ ತಗುಲಿಸ್ತಾರೇನ್ಲಾ' ಅಂದ್ಲು. ಬೈದಿದ್ರೆ ನಾನೂ ಬೈತಿದ್ದೆ. ಅಂಗಂದ್ಮ್ಯಾಕೆ ಓಗಿ ಟ್ರ್ಯಾಕ್ಟರ್ ತಂದೆ."

ಧಾನ್ಯಕ್ಕೆ ಕಸಪೊರಕೆ ತಾಗಿಸಬಾರದೆಂಬುದು ಇಲ್ಲಿನ ಎಲ್ಲ ಮನೆಗಳ ನಡವಳಿಕೆ. ಕಣಕ್ಕೇ ಬೇರೆ ಪೊರಕೆ ಇರುತ್ತದೆ. ತನ್ನ ಗಂಡ ಯಾವ ಕಾಳಿನ ಮೇಲೆ ಜಾರಿದರೋ ಅದೇ ಕಾಳಿಗೆ ಈ ಹೆಂಗಸು ಆ ಮರ್ಯಾದೆ ತಪ್ಪಿಸಲಿಲ್ಲ. ಇಬ್ಬರೂ ಸೇರಿ ಬಾಚಿದ ಹುರುಳಿ ಆ ದಿನ ಹಾಸುಬಂಡೆ ಹತ್ತಿತು. ಕಾಡಸಿದ್ದಪ್ಪನನ್ನು ನೋಡಿ ಇನ್ನೂ ಕೆಲವರು ಹತ್ತಿಸಿದರು. ಎಲ್ಲರೂ ಅಲ್ಲ. ಊರಿನ ಆಚೆ ಬದಿಯ ನೇರ ರಸ್ತೆಯಲ್ಲಿ ಈಗಲೂ ರಾಗಿ ಹರಡುತ್ತಾರೆ. ತಿರುವಿನಲ್ಲಿ ಮಾತ್ರ ಈ ಕೊಯ್ಲಿಗೆ ಮತ್ತೆ ಯಾರೂ ಹರಡಿಲ್ಲ.

ಆ ದಿನ ಬಿಸಿಲೇರುವ ಹೊತ್ತಿಗೆ ರೇಸಿನ ಮಾರ್ಗ ಪರಿಶೀಲನೆಯ ತಂಡ ಬಂತು. ಒಂದು ಜೀಪು, ಮುಂದೆ ಸೈಕಲ್ಲಿನಲ್ಲಿ ಭವ್ಯ. ಒಂದು ಕಾಲಕ್ಕೆ ರಾಜ್ಯ ಮಟ್ಟದಲ್ಲಿ ಸ್ಪರ್ಧಿಸಿದ್ದ ಅವರು ಈಗ ಸಂಘಟಕರ ಪರವಾಗಿ ದಾರಿಯ ಅಪಾಯಗಳನ್ನು ಗುರುತಿಸುತ್ತಾರೆ. ಇಳಿಜಾರಿನಲ್ಲಿ ವೇಗವಾಗಿ ಬಂದ ಅವರು ತಿರುವಿನ ಒಳಮಗ್ಗುಲು ಹಿಡಿದು, ಮೈ ಒಂದು ಕಡೆಗೆ ಬಾಗಿಸಿ ದಾಟಿದರು. ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ಕೊಲ್ಲಾಪುರಮ್ಮ ಆ ಕ್ಷಣ ಕಣ್ಣು ಮುಚ್ಚಿಕೊಂಡಿದ್ದರು.

"ಟೈರು ನನ್ನ ಹೆಬ್ಬೆಟ್ಟಿನಷ್ಟೂ ಅಗಲ ಇರ್ಲಿಲ್ಲ" ಎಂದು ಈಗ ಹೇಳುತ್ತಾರೆ. "ಸದ್ದು ಓಗಿದ್ದು ಕೇಳ್ತು. ಬಿದ್ದ ಸದ್ದು ಬರ್ಲಿಲ್ಲ. ಆಮ್ಯಾಕೆ ಕಣ್ಬುಟ್ಟೆ."

ಭವ್ಯ ಹಿಂದಿರುಗಿ ಬಂದು ತಿರುವಿನ ಅಗಲ ಅಳೆದರು, ಬಂಡಿದಾರಿಯ ಚಿತ್ರ ತೆಗೆದುಕೊಂಡರು. ಇಂಥ ಇಳಿಜಾರಿನಲ್ಲಿ ಸವಾರರು ಗುಂಪಾಗಿ ಬರುತ್ತಾರೆ, ಮುಂದಿನ ಒಬ್ಬ ಜಾರಿದರೆ ಹಿಂದಿನವರೆಲ್ಲ ಅವನ ಮೇಲೆ ಬೀಳುತ್ತಾರೆ ಎಂದು ವಿವರಿಸಿದರು. ತಂಡಗಳಿಗೆ ಕೊಡುವ ದಾರಿಯ ವಿವರದಲ್ಲಿ ಅಪಾಯದ ತಿರುವುಗಳನ್ನು ಗುರುತಿಸಿರುತ್ತಾರೆ, ಸ್ಥಳೀಯ ಹೆಸರಿದ್ದರೆ ಅದನ್ನೂ ಸೇರಿಸುತ್ತಾರೆ.

"ಇದಕ್ಕೆ ಹೆಸರೇನಾದರೂ ಇದೆಯೇನಮ್ಮಾ?" ಎಂದು ಕೇಳಿದರು.

"ಐತೆ ಮೇಡಂ. ಗಂಗಣ್ಣನ ತಿರುವು ಅಂತ ಬರ್ಕೊಳಿ" ಎಂದರು ಟ್ರ್ಯಾಕ್ಟರಿನಿಂದ ಇಳಿದು ಬಂದಿದ್ದ ಕಾಡಸಿದ್ದಪ್ಪ. ದೊಡ್ಡ ರೇಸಿನ ವಿವರದಲ್ಲಿ ಅಣ್ಣನ ಹೆಸರು ಬರಲಿ ಎಂಬ ಅಭಿಮಾನ ಅವರದು.

"ಬ್ಯಾಡ ಕಣವ್ವ. ಬರೀಬ್ಯಾಡ" ಎಂದರು ಕೊಲ್ಲಾಪುರಮ್ಮ. ಕಾರಣ ಹೇಳಲಿಲ್ಲ. ಗಂಗಣ್ಣ ಯಾರು ಎಂದು ಭವ್ಯ ಕೇಳಲೂ ಇಲ್ಲ. ಅವರು ಬರೆದುಕೊಂಡದ್ದು ಇಷ್ಟೇ: ಇಳಿಜಾರು, ಎಡ ತಿರುವು, ಮಣ್ಣಿನ ದಾರಿ ಕೂಡುತ್ತದೆ.

ತಂಡ ಶಿರಾ ಕಡೆಯ ದಾರಿಯನ್ನೂ ನೋಡಿಕೊಂಡು ಹೋಗಿದೆ. ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೂ ಮಾರ್ಗ ಪ್ರಕಟವಾಗಿಲ್ಲ. ಮಧುಗಿರಿ ರಸ್ತೆ ನೋಟಕ್ಕೆ ಚೆನ್ನ, ಆದರೆ ತಿದ್ದುವ ಕೆಲಸ ಹೆಚ್ಚು ಎಂಬುದು ಸಂಘಟಕರ ಅಭಿಪ್ರಾಯ. ಹೆದ್ದಾರಿ ಸುಲಭ. ಯಾವ ಕಡೆಗೆ ತೀರ್ಮಾನವಾಗುತ್ತದೆಂದು ಹೇಳಲು ಪ್ರಸನ್ನ ಕುಮಾರ್ ಅವರಿಗೂ ಆಗದು. ಗ್ಯಾಂಗಿನ ಹೆಂಗಸರು ಊಟದ ಹೊತ್ತಿನಲ್ಲಿ ಮೊಬೈಲು ತೆರೆದು ಸುದ್ದಿ ಇದೆಯೇ ಎಂದು ನೋಡುತ್ತಾರೆ. ಕೊಲ್ಲಾಪುರಮ್ಮ ಕೇಳುವುದಿಲ್ಲ, ಅವರ ಮುಖ ನೋಡುತ್ತಾರೆ.

ಬೆಳಗಿನ ಕೆಲಸ ಮುಗಿಯುವ ಹೊತ್ತಿಗೆ ಪಾವಗಡಕ್ಕೆ ಹೋಗುವ ಮೊದಲ ಬಸ್ಸು ಇಳಿಜಾರಿನಲ್ಲಿ ಬರುತ್ತದೆ. ಕೊಲ್ಲಾಪುರಮ್ಮ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಬಾಗಿಲಲ್ಲಿ ನಿಂತ ಕಂಡಕ್ಟರ್, "ಗಂಗಣ್ಣನ ತಿರುವು ಯಾರ್ರೀ, ಇಳೀರಿ" ಎಂದು ಕೂಗುತ್ತಾನೆ. ಅವನಿಗೆ ಅದು ಒಂದು ನಿಲುಗಡೆ ಅಷ್ಟೇ. ಬಸ್ಸು ದಾಟಿದ ಮೇಲೆ ಅವರು ಮತ್ತೊಮ್ಮೆ ಚಪ್ಪಲಿ ಬಿಟ್ಟು, ಅದರ ಚಕ್ರ ಹೋದ ಜಾಗದಲ್ಲಿ ನಡೆದು ನೋಡುತ್ತಾರೆ. ರೇಸಿನ ಬರಹದಲ್ಲಿ ಗಂಡನ ಹೆಸರು ಬರಲು ಯಾಕೆ ಬಿಡಲಿಲ್ಲ ಎಂದು ಕೇಳಿದರೆ ಅಂಗಾಲಿಗೆ ಅಂಟಿದ ಧೂಳನ್ನು ಕೈಯಲ್ಲಿ ಒರೆಸಿಕೊಳ್ಳುತ್ತಾ ಹೇಳುತ್ತಾರೆ:

"ಈ ರಸ್ತೇಲಿ ಎಷ್ಟು ತಿರುವವೆ, ಯಾವುದಕ್ಕಾದ್ರೂ ಹೆಸ್ರೈತಾ? ಯಾರಾದ್ರೂ ಬಿದ್ದ ಜಾಗಕ್ಕೇ ಕಣಪ್ಪ ಹೆಸ್ರು ಇಡೋದು. ರಸ್ತೆ ಸರಿ ಆಗ್ಲಿ. ಓಗೋರು ಓಗ್ತಾ ಇರ್ಲಿ. ಈ ತಿರುವು ಅವ್ರ ಹೆಸ್ರ ಮರ್ತ್ರೆ ಸಾಕು. ನಾನು ಮರೆಯಾಕಿಲ್ಲ."