ಹಿಂದ್ಗಡೆ ಸ್ವಲ್ಪ ನೋಡ್ಕೊಳ್ಳಿ

ಎರಡೂ ಕಿವಿಯ ಮುಂದಿನ ಕೂದಲು ಒಂದೇ ಅಳತೆಗೆ ಬರುವ ತನಕ ಗಿರಾಕಿಯನ್ನು ಕುರ್ಚಿಯಿಂದ ಏಳಗೊಡದ ಮನುಷ್ಯನಿಗೆ ಬೀದಿಯವರು ಲೆವೆಲ್ಲಪ್ಪ ಎಂದು ಹೆಸರಿಟ್ಟಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಎಡಗಡೆ ಒಂದು ಎಳೆ ಹೆಚ್ಚಾಯಿತೆಂದು ಎಡಕ್ಕೆ ಕತ್ತರಿ ಹಾಕುವನು. ಆಗ ಬಲಗಡೆ ಹೆಚ್ಚಾದಂತೆ ಕಾಣುವುದು, ಬಲಕ್ಕೆ ಹಾಕುವನು. ಹೀಗೆ ನ್ಯಾಯ ತೀರ್ಮಾನವಾಗುವ ಹೊತ್ತಿಗೆ ವಾದಿ ಪ್ರತಿವಾದಿ ಇಬ್ಬರೂ ನೆಲದ ಮೇಲೆ ಬಿದ್ದಿರುತ್ತಿದ್ದರು. ಮೀಸೆಯ ತುದಿ ಸರಿಮಾಡಿಸಲು ಬಂದಿದ್ದ ಬ್ಯಾಂಡಿನವನೊಬ್ಬ ಮೀಸೆಯೇ ಇಲ್ಲದೆ ಮನೆಗೆ ಹೋಗಿ, ಬಾಗಿಲು ತೆಗೆದ ಹೆಂಡತಿಯಿಂದ "ಯಾರು ಬೇಕಾಗಿತ್ತು?" ಅನ್ನಿಸಿಕೊಂಡಿದ್ದ. ಆದರೂ ಜನ ಅವನ ಅಂಗಡಿಗೇ ಬರುತ್ತಿದ್ದರು. ಕೈ ಹಗುರ, ಮಾತು ಮೆದು, ಟವೆಲು ದಿನಾ ಒಗೆದದ್ದು.

ವಯಸ್ಸು ನಲವತ್ತೊಂಬತ್ತು, ಮದುವೆಯಾಗಿರಲಿಲ್ಲ. ಮೂವರು ತಂಗಿಯರನ್ನು ದಡ ಸೇರಿಸುವಷ್ಟರಲ್ಲಿ ತನ್ನ ದೋಣಿ ಎಲ್ಲಿ ಕಟ್ಟಿದ್ದೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು. ತಂಗಿಯರು ಅಣ್ಣ ಎಂದರು, ಸರಿ. ತಂಗಿಯರ ಗೆಳತಿಯರು ಅಣ್ಣ ಎಂದರು, ಅದೂ ಸರಿ. ಒಂದು ಕಾಲದಲ್ಲಿ ಬಸ್ ಕಂಡಕ್ಟರ್ ಹೆಣ್ಣುಮಗಳೊಬ್ಬಳನ್ನು ನೋಡುವುದಕ್ಕೆಂದೇ ಕೆಲಸವಿಲ್ಲದಿದ್ದರೂ ಎರಡು ತಿಂಗಳು ಬಸ್ಸು ಹತ್ತಿದ್ದ. ಕೊನೆಗೊಂದು ದಿನ ಧೈರ್ಯ ಮಾಡಿ ಬಾಯಿ ತೆರೆದಾಗ ಅವಳು, "ಏನಣ್ಣ, ಬಾಗಿಲಲ್ಲೇ ನಿಂತಿದ್ದೀಯಾ, ಒಳಗೆ ನಡಿ" ಎಂದಳು. ಮಾರನೆಯ ದಿನದಿಂದ ಲೆವೆಲ್ಲಪ್ಪ ನಡೆದೇ ಓಡಾಡಿದ.

ಪಕ್ಕದ ಮಳಿಗೆಯ ಟೈಲರಮ್ಮ ಮಾತ್ರ ಏಳು ವರ್ಷದಲ್ಲಿ ಒಂದು ಸಲವೂ ಅವನನ್ನು ಅಣ್ಣ ಎಂದಿರಲಿಲ್ಲ. ಗಂಡ ತೀರಿಕೊಂಡು ಹತ್ತು ವರ್ಷವಾಗಿದ್ದ, ಹೊಲಿಗೆ ಯಂತ್ರದಷ್ಟೇ ನೆಟ್ಟಗೆ ಮಾತಾಡುವ ಹೆಂಗಸು. ಇಸ್ತ್ರಿಯವನು ಆಕೆಗೆ ಇಸ್ತ್ರಿಯಣ್ಣ, ಹಾಲಿನವನು ಹಾಲಣ್ಣ, ಪೋಸ್ಟ್‌ಮ್ಯಾನ್ ಪೋಸ್ಟಣ್ಣ. ಲೆವೆಲ್ಲಪ್ಪನನ್ನು ಕರೆಯಬೇಕಾದಾಗ ಮಾತ್ರ "ನೋಡಿ" ಎನ್ನುತ್ತಿದ್ದಳು. "ನೋಡಿ, ಸ್ವಲ್ಪ ಬೆಂಕಿಪೊಟ್ಟಣ ಕೊಡಿ." "ನೋಡಿ, ಷಟರ್ ಸಿಕ್ಕಿಹಾಕಿಕೊಂಡಿದೆ." ಆಕೆ ಹೇಳದೆ ಬಿಟ್ಟ ಆ ಒಂದು ಮಾತಿನ ಮೇಲೆ ಲೆವೆಲ್ಲಪ್ಪ ಮನಸ್ಸಿನಲ್ಲೇ ಇಡೀ ಸಂಸಾರ ಕಟ್ಟಿಕೊಂಡಿದ್ದ. ಬಾಯಿಬಿಟ್ಟು ಹೇಳುವ ಎದೆಗಾರಿಕೆ ಇರಲಿಲ್ಲ. ಹೇಳಿ, ಆಕೆ "ಅಯ್ಯೋ ಅಣ್ಣಾ" ಎಂದುಬಿಟ್ಟರೆ ಕಟ್ಟಿದ್ದೆಲ್ಲ ಕುಸಿದು ತಲೆಯ ಮೇಲೇ ಬೀಳುತ್ತಿತ್ತು. ಹಾಗಾಗಿ ಏಳು ವರ್ಷದಿಂದ ಬೆಂಕಿಪೊಟ್ಟಣ ಕೊಡುತ್ತಾ ಬಂದಿದ್ದ.

ಎರಡು ಮಳಿಗೆಗಳ ನಡುವೆ ಒಂದು ಕಂಬ. ಅದರ ಮೊಳೆಗೆ ಟೈಲರಮ್ಮನ ಗಿಡ ತೂಗುತ್ತಿತ್ತು. ಬೀದಿಯವರು ಅದನ್ನು ಬಟಾಣಿ ಬಳ್ಳಿ ಎನ್ನುತ್ತಿದ್ದರು. ಎಲೆ ಎನ್ನುವುದು ಎಲೆಯಂತಿರದೆ, ಹಸಿರು ಬಟಾಣಿ ಕಾಳನ್ನು ದಾರಕ್ಕೆ ಪೋಣಿಸಿದಂತೆ ಗುಂಡುಗುಂಡಾಗಿ, ಕುಂಡದ ಅಂಚಿನಿಂದ ನಲವತ್ತು ಐವತ್ತು ಎಳೆ ಕೆಳಗಿಳಿದಿದ್ದವು. ಅಂಗೈಯಗಲದ ಕುಂಡದಲ್ಲಿ ನೆಟ್ಟು ಮೂರು ವರ್ಷ ಸಾಕಿದ್ದಳು. ಪ್ರತಿ ತಿಂಗಳ ಮೊದಲ ದಿನ ಟೇಪು ಹಿಡಿದು ಅಳೆದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಕಂಬದ ಮೇಲೆ ಗೆರೆ ಎಳೆಯುವಳು. ಕೊನೆಯ ಗೆರೆ ನಲವತ್ತೆಂಟು ಇಂಚಿನದು. ರವಿಕೆ ಅಳತೆ ಕೊಡಲು ಬಂದವರೆಲ್ಲ ಮೊದಲು ಗಿಡವನ್ನು ಹೊಗಳಬೇಕಿತ್ತು. ಹೊಗಳದವರ ಬಟ್ಟೆ ಹೇಳಿದ ದಿನಕ್ಕೆ ಸಿಗುತ್ತಿರಲಿಲ್ಲ ಎಂಬ ಮಾತೂ ಇತ್ತು.

ಒಂದು ಬೆಳಿಗ್ಗೆ ಎರಡು ಚೀಲ ಹಿಡಿದು ಟೈಲರಮ್ಮ ಅವನ ಅಂಗಡಿಯ ಮೆಟ್ಟಿಲ ಹತ್ತಿರ ನಿಂತಳು.

"ನೋಡಿ, ಮೂರು ವಾರ ಊರಿಗೆ ಹೋಗ್ತಿದ್ದೀನಿ. ಗಿಡ ನಿಮ್ಮ ಜವಾಬ್ದಾರಿ. ಬೇರೆ ಯಾರನ್ನೂ ನಂಬಲ್ಲ ನಾನು."

ಲೆವೆಲ್ಲಪ್ಪನ ಎದೆ ಉಬ್ಬಿ ಅಂಗಿಯ ಗುಂಡಿಯ ಮೇಲೆ ಭಾರ ಬಿತ್ತು.

"ದಿನಾ ನೀರು ಹಾಕಿದ್ರೆ ಕೊಳೆತು ಹೋಗುತ್ತೆ. ಕಾಳು ಮುಟ್ಟಿ ನೋಡಿ. ಗಟ್ಟಿಯಾಗಿದ್ರೆ ಬೇಡ, ಸುಕ್ಕಾಗಿದ್ರೆ ಮಾತ್ರ ಒಂದು ಲೋಟ. ಮಧ್ಯಾಹ್ನದ ಬಿಸಿಲು ಬೀಳಬಾರ್ದು, ಪರದೆ ಇಳಿಸಿ." ಅಷ್ಟರಲ್ಲಿ ಆಟೋದವನು ಹಾರ್ನ್ ಒತ್ತಿದ. ಆಕೆ ಓಡುತ್ತಲೇ ತಿರುಗಿ ಕೂಗಿದಳು. "ಆಮೇಲೆ ಹಿಂದ್ಗಡೆ ಸ್ವಲ್ಪ ನೋಡ್ಕೊಳ್ಳಿ!"

ಮೊದಲ ವಾರ ಲೆವೆಲ್ಲಪ್ಪ ಆ ಗಿಡವನ್ನು ಹೆತ್ತವರೂ ನೋಡಿಕೊಳ್ಳದಂತೆ ನೋಡಿಕೊಂಡ. ಗಂಟೆಗೊಮ್ಮೆ ಹೊರಗೆ ಬಂದು ಕಾಳು ಮುಟ್ಟಿದ. ಬಿಸಿಲು ಕಂಬದ ಹತ್ತಿರ ಬರುವ ಮೊದಲೇ ಪರದೆ ಇಳಿಸಿದ. ಅರ್ಧ ಶೇವಿಂಗಿನಲ್ಲಿ ಗಿರಾಕಿಯನ್ನು ಬಿಟ್ಟು ಎದ್ದು ಹೋಗಿ, "ಇವತ್ತು ಸ್ವಲ್ಪ ಮೆತ್ತಗಿದೆಯಾ, ನೀವೂ ಒಂದು ಸಲ ಮುಟ್ಟಿ ನೋಡಿ" ಎಂದು ನೊರೆ ಮೆತ್ತಿದವರನ್ನು ಬೀದಿಗೆ ಕರೆತಂದ. ಆರನೆಯ ದಿನ ಕಾಳು ಸುಕ್ಕಾಯಿತು. ಒಂದು ಲೋಟ ಅಳೆದು ಹಾಕಿದ, ಏಳನೆಯ ದಿನ ಕಾಳುಗಳು ತುಂಬಿಕೊಂಡು ಮಿರಮಿರ ಮಿಂಚಿದವು. ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಎಂಟನೆಯ ದಿನ ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಪೋಸ್ಟ್‌ಮ್ಯಾನ್ ಒಬ್ಬನೇ ಬೆಂಚಿನ ಮೇಲೆ ಕೂತು ಪೇಪರು ಓದುತ್ತಿದ್ದ. ಲೆವೆಲ್ಲಪ್ಪ ಬಾಗಿಲಲ್ಲಿ ನಿಂತು ಗಿಡ ನೋಡುತ್ತಿದ್ದವನು ಟೈಲರಮ್ಮನ ಮಾತನ್ನು ಒಂದೊಂದಾಗಿ ನೆನೆಸಿಕೊಂಡ. ಕಾಳು, ಆಯಿತು. ನೀರು, ಆಯಿತು. ಪರದೆ, ಆಯಿತು. ಹಿಂದ್ಗಡೆ ಸ್ವಲ್ಪ ನೋಡ್ಕೊಳ್ಳಿ.

ಇಪ್ಪತ್ತೈದು ವರ್ಷದಿಂದ ದಿನಕ್ಕೆ ಹತ್ತು ಸಲ ಅವನ ಕಿವಿಗೆ ಬೀಳುತ್ತಿದ್ದ ಮಾತದು. ಕುರ್ಚಿಯಲ್ಲಿ ಕೂತವರು ಕತ್ತು ತಗ್ಗಿಸಿ, ಕಾಲರು ಇಳಿಸಿ, "ಹಿಂದ್ಗಡೆ ಸ್ವಲ್ಪ ನೋಡ್ಕೊಳ್ಳಿ" ಎನ್ನುತ್ತಾರೆ. ಅದಕ್ಕೆ ಅವನ ಅಂಗಡಿಯಲ್ಲಿ ಒಂದೇ ಅರ್ಥ. ಕುಂಡವನ್ನು ತಿರುಗಿಸಿ ನೋಡಿದ. ಕಂಬದ ಕಡೆಯ ಎಳೆಗಳಲ್ಲಿ ಎರಡು ಮೂರು ಸೀಮೆಸುಣ್ಣದ ಗೆರೆಗಿಂತ ಒಂದು ಬೆರಳು ಕೆಳಗೆ ಇಳಿದಿದ್ದವು. ಅಯ್ಯೋ, ಆಕೆ ಹೇಳಿಯೇ ಹೋಗಿದ್ದಾಳೆ, ಎಂಟು ದಿನದಿಂದ ಮರೆತು ಕೂತಿದ್ದೀನಲ್ಲ ಎಂದು ನಾಲಿಗೆ ಕಚ್ಚಿಕೊಂಡ. ಕೈ ಆಗಲೇ ಜೇಬಿನ ಕತ್ತರಿಗೆ ಹೋಗಿತ್ತು.

ಹಿಂದಿನ ಮೂರು ಎಳೆಯ ತುದಿ ತೆಗೆದ. ಸ್ವಲ್ಪ ಜಾಸ್ತಿಯೇ ಹೋಯಿತು. ಈಗ ಮುಂದಿನವು ಉದ್ದವಾಗಿ ಕಂಡವು.

"ಬಲಗಡೆ ಸ್ವಲ್ಪ ಇಳಿಬಿದ್ದಿದೆಯಲ್ಲ?" ಎಂದ ಪೋಸ್ಟ್‌ಮ್ಯಾನ್, ಪೇಪರಿನಿಂದ ಅರ್ಧ ತಲೆಯೆತ್ತಿ. ಅವನಿಗೆ ಮಾಡಲು ಬೇರೆ ಕೆಲಸವಿರಲಿಲ್ಲ.

ಲೆವೆಲ್ಲಪ್ಪ ಬಲಕ್ಕೆ ಹಾಕಿದ. ಎಡ ಹೆಚ್ಚಾಯಿತು, ಎಡಕ್ಕೆ ಹಾಕಿದ. ಬಾಚಣಿಗೆ ತಂದು ಎಳೆಗಳ ನಡುವೆ ಆಡಿಸಿ, ಎರಡು ಬೆರಳ ಮಧ್ಯೆ ಹಿಡಿದು, ಕಣ್ಣು ಕಿರಿದು ಮಾಡಿ, ಬಾಯಲ್ಲಿ ಏನೋ ಹಾಡು ಗುನುಗುತ್ತಾ, ಗಿಡದ ಸುತ್ತ ಪ್ರದಕ್ಷಿಣೆ ಬಂದ. ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸುವ ಚಟವನ್ನೂ ಬಿಡಲಿಲ್ಲ. ಕಾಲು ಗಂಟೆಯಾದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಲೆವೆಲ್ಲು ಎಂದರೆ ಲೆವೆಲ್ಲು! ಗೆರೆ ಎಳೆದಂತಿತ್ತು. ಕೈಗನ್ನಡಿಯನ್ನು ಎತ್ತಿ ಗಿಡಕ್ಕೆ ಅದರ ಹಿಂಭಾಗವನ್ನು ತೋರಿಸಲು ಹೋದವನು ಅಲ್ಲೇ ನಿಂತುಬಿಟ್ಟ.

ಗಿಡ ಒಂದು ಗೇಣಿತ್ತು.

ಕೆಳಗೆ ನೆಲದ ತುಂಬ ಬಟಾಣಿ ಹರಡಿತ್ತು. ಕಂಬದ ಮೇಲೆ ಮೂರು ವರ್ಷದ ಗೆರೆಗಳು ಒಂದರ ಕೆಳಗೊಂದು ಅವನನ್ನೇ ನೋಡುತ್ತಿದ್ದವು. ಪೋಸ್ಟ್‌ಮ್ಯಾನ್ ಪೇಪರು ಮಡಿಚಿಟ್ಟು, "ನಾನೇನೂ ನೋಡಿಲ್ಲಪ್ಪ" ಎಂದು ಹೇಳಿ, ಹಂಚಲು ಕಾಗದವೇ ಇಲ್ಲದ ಬೀದಿಯತ್ತ ಸೈಕಲ್ ತುಳಿದ. ಲೆವೆಲ್ಲಪ್ಪ ತಲೆಯ ಮೇಲೆ ಕೈ ಹೊತ್ತು ತನ್ನ ಕುರ್ಚಿಯಲ್ಲಿ ತಾನೇ ಕುಸಿದ. ಬೇರೆ ಯಾರನ್ನೂ ನಂಬಲ್ಲ ನಾನು ಎಂದಿದ್ದಳು. ಇನ್ನು ಆಕೆ ಬಾಯಿ ತೆರೆದರೆ ಅದರಿಂದ ಬರುವುದು ಆ ಒಂದು ಮಾತೇ. ಇಂಥ ಕೆಲಸ ಮಾಡಿದವನನ್ನು ಅಣ್ಣ ಎನ್ನದೆ ಇನ್ನೇನೆಂದು ಕರೆಯುತ್ತಾರೆ?

ನೆಲ ಗುಡಿಸುವ ಬದಲು ಒಂದೊಂದೇ ಎಳೆಯನ್ನು ಟವೆಲಿನಲ್ಲಿ ಎತ್ತಿ, ಸುತ್ತಿ, ಬಗಲಲ್ಲಿಟ್ಟುಕೊಂಡು ಸಸಿ ಮಾರುವವನ ಹತ್ತಿರ ಓಡಿದ.

"ನೆಡೋಕೆ ಕಟಿಂಗ್ ತಂದಿದ್ದೀರಾ?" ಎಂದ ಅವನು ಟವೆಲು ಬಿಡಿಸಿ.

"ಕಟಿಂಗ್ ಮಾಡಿದ್ದು ನಾನೇ ಕಣಪ್ಪ," ಎಂದ ಲೆವೆಲ್ಲಪ್ಪ, ತಪ್ಪೊಪ್ಪಿಕೊಂಡವನ ಹಾಗೆ. "ಬದುಕುತ್ತಾ?"

"ಬದುಕದೆ ಏನು? ಇದರ ಜೀವ ಗಟ್ಟಿ. ಎರಡು ದಿನ ನೆರಳಲ್ಲಿಡಿ, ಕತ್ತರಿಸಿದ ಬಾಯಿ ಒಣಗಲಿ. ಆಮೇಲೆ ಮರಳು ಬೆರೆಸಿದ ಮಣ್ಣಿನ ಮೇಲೆ ಸುರುಳಿ ಸುತ್ತಿ ಮಲಗಿಸಿ, ಹೂಳಬೇಡಿ. ಗಂಟು ಮಣ್ಣಿಗೆ ತಾಗಿದ ಕಡೆ ಬೇರು ಬಿಡುತ್ತೆ."

"ಉದ್ದ ಯಾವಾಗ ಆಗುತ್ತೆ? ಇನ್ನು ಎರಡು ವಾರದಲ್ಲಿ ನಲವತ್ತೆಂಟು ಇಂಚು ಬೇಕಿತ್ತು."

ಸಸಿಯವನು ಅವನ ಮುಖವನ್ನು ದಿಟ್ಟಿಸಿ ನೋಡಿ, ನಗಬೇಕೋ ಬೇಡವೋ ಎಂದು ಯೋಚಿಸಿ, ಒಂದು ಚೀಲ ಮರಳು ಕೊಟ್ಟು ಕಳಿಸಿದ.

ಮುಂದಿನ ಹತ್ತು ದಿನ ಆ ಕಟಿಂಗ್ ಅಂಗಡಿ ಬಾಣಂತಿ ಕೋಣೆಯಾಯಿತು. ಪೌಡರ್ ಡಬ್ಬಿ, ಸೋಪಿನ ಪೆಟ್ಟಿಗೆ, ಹಳೆಯ ಶೇವಿಂಗ್ ಬಟ್ಟಲು, ಕಿವಿ ಮುರಿದ ಟೀ ಕಪ್ಪು, ಸಿಕ್ಕಿದ್ದಕ್ಕೆಲ್ಲ ತಳದಲ್ಲಿ ತೂತು ಕೊರೆದು, ಮಣ್ಣು ತುಂಬಿ, ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಸಾಲಾಗಿ ಮಲಗಿಸಿದ. ನಲವತ್ತಮೂರು ಮಕ್ಕಳು. ಫ್ಯಾನು ಹಾಕಲಿಲ್ಲ, ಮಣ್ಣು ಒಣಗುತ್ತದೆಂದು. ಗಿರಾಕಿಗಳು ಬೆವರಿದರು. ಸೀನು ಬಂದವರನ್ನು ಹೊರಗೆ ಕಳಿಸಿದ. ತಪ್ಪು ಮಾಡಿದ ಕತ್ತರಿಯನ್ನು ಬರೀ ಗಾಳಿಯಲ್ಲೇ ಆಡಿಸಿದ್ದರಿಂದ ಆ ಹತ್ತು ದಿನ ಅವನ ಕೈಗೆ ತಲೆ ಕೊಟ್ಟವರೆಲ್ಲ ಬಂದಷ್ಟೇ ಉದ್ದ ಕೂದಲಿನೊಂದಿಗೆ ಎದ್ದು ಹೋದರು. ಹತ್ತನೆಯ ದಿನ ಒಂದು ಎಳೆಯನ್ನು ಮೆಲ್ಲಗೆ ಎಳೆದು ನೋಡಿದ. ಅದು ಮಣ್ಣನ್ನು ಬಿಡಲಿಲ್ಲ. ಲೆವೆಲ್ಲಪ್ಪನಿಗೆ ಅಳುವೇ ಬಂತು.

ಆದರೆ ಟೈಲರಮ್ಮ ಎರಡು ದಿನ ಮುಂಚೆಯೇ ಬಂದುಬಿಟ್ಟಳು. ಬೆಳಿಗ್ಗೆ ಹತ್ತು ಗಂಟೆ. ಪೋಸ್ಟ್‌ಮ್ಯಾನ್ ಕುರ್ಚಿಯಲ್ಲಿದ್ದ, ಬಲಗೆನ್ನೆ ಮುಗಿದಿತ್ತು, ಎಡಗೆನ್ನೆಗೆ ನೊರೆ ಹಚ್ಚಿತ್ತು. ಹೊರಗೆ ಆಟೋ ನಿಂತಿತು. ಚೀಲಗಳು ಧಪ್ಪೆಂದು ಕೆಳಗೆ ಬಿದ್ದವು.

"ಇದೇನಿದು?"

ಲೆವೆಲ್ಲಪ್ಪ ಕತ್ತಿ ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದ. "ಹಿಂದ್ಗಡೆ ನೋಡ್ಕೊಳ್ಳಿ ಅಂದಿದ್ರಲ್ಲ..."

"ಬಿಳಿ ಹುಳ ಹತ್ತಿದೆಯಾ ನೋಡಿ ಅಂದಿದ್ದು ರೀ ನಾನು! ಕಟಿಂಗ್ ಮಾಡಿ ಅಂದ್ನಾ?" ಆಕೆ ಚೀಲದಿಂದ ಟೇಪು ತೆಗೆದು ಅಳೆದೇಬಿಟ್ಟಳು. "ಒಂಬತ್ತು! ನಲವತ್ತೆಂಟು ಇದ್ದಿದ್ದು ಒಂಬತ್ತು! ಮೂರು ವರ್ಷ ಮಗು ಥರ ಸಾಕಿದ್ದೆ. ಇಡೀ ಬೀದೀಲಿ ನಂಬಿದ್ದು ನಿಮ್ಮೊಬ್ಬರನ್ನ. ಏನಣ್ಣ ನೀವು..."

"ಅಣ್ಣ ಅನ್ಬೇಡಿ!"

ತನ್ನ ಗಂಟಲಿನಿಂದ ಅಷ್ಟು ದೊಡ್ಡ ಸ್ವರ ಬರಬಹುದೆಂದು ಲೆವೆಲ್ಲಪ್ಪನಿಗೇ ಗೊತ್ತಿರಲಿಲ್ಲ. ಎದುರಿನ ಇಸ್ತ್ರಿಯವನು ಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು ತಿರುಗಿದ.

"ಕತ್ತೆ ಅನ್ನಿ. ಕಟುಕ ಅನ್ನಿ. ಬಾಯಿಗೆ ಬಂದ ಹಾಗೆ ಬೈರಿ, ಕೇಳಿಸ್ಕೋತೀನಿ. ಏಳು ವರ್ಷ ಅಂದಿಲ್ಲ ನೀವು. ಅದೊಂದನ್ನೇ ನೆಚ್ಚಿಕೊಂಡು ಕೂತಿದ್ದೀನಿ. ಇವತ್ತು ಗಿಡದ ಸಿಟ್ಟಿಗೆ ಅದನ್ನ ಅನ್ಬೇಡಿ, ಕೈ ಮುಗೀತೀನಿ."

ಕೈ ಮುಗಿಯಲು ಹೋಗಿ ಕತ್ತಿ ಅಡ್ಡ ಬಂತು. ಟೈಲರಮ್ಮನ ಕೆಂಪಾಗಿದ್ದ ಮುಖ ಇನ್ನೂ ಕೆಂಪಾಯಿತು, ಅದು ಬೇರೆ ಕೆಂಪು. ಅವನನ್ನು ದಾಟಿ ಸೀದಾ ಅಂಗಡಿಯೊಳಗೆ ನಡೆದಳು. ಏಳು ವರ್ಷದಲ್ಲಿ ಆಕೆ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಹಲಗೆಯ ಮೇಲಿನ ಡಬ್ಬಿ, ಬಟ್ಟಲು, ಕಪ್ಪುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು. ಒಂದು ಎಳೆಯನ್ನು ಬೆರಳ ತುದಿಯಲ್ಲಿ ಎಳೆದು, ಅದು ಬಾರದಿದ್ದಾಗ ಮಣ್ಣನ್ನು ಮತ್ತೆ ಒತ್ತಿದಳು.

"ಎಲ್ಲಾ ಬೇರು ಬಿಟ್ಟಿದೆಯಾ?"

"ಎರಡು ಬಿಟ್ಟಿಲ್ಲ. ಆ ಸೋಪಿನ ಪೆಟ್ಟಿಗೇಲಿರೋವು," ಎಂದ ಲೆವೆಲ್ಲಪ್ಪ. ಸುಳ್ಳು ಹೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಟೈಲರಮ್ಮ ಕನ್ನಡಿಯಲ್ಲಿ ಅವನನ್ನು ನೋಡುತ್ತಾ ಹೇಳಿದಳು. "ನಾನು ಬಂದಿದ್ದು ಎಲ್ಲಿಂದ ಗೊತ್ತಾ? ನಮ್ಮಣ್ಣನ ಮನೆಯಿಂದ. ಹತ್ತೊಂಬತ್ತು ದಿನ. ಕಿಟಕಿ ಯಾವಾಗ ಮುಚ್ಬೇಕು, ಯಾರ ಹತ್ರ ಮಾತಾಡ್ಬೇಕು, ನನ್ನ ಯಂತ್ರ ಮಾರಿ ಅವನ ಮನೇಲಿ ಬಿದ್ದಿರಬೇಕು, ಎಲ್ಲಾ ಬುದ್ಧಿ ಹೇಳಿದ. ತಡೀಲಾರದೆ ಎರಡು ದಿನ ಮುಂಚೆ ಎದ್ದು ಬಂದೆ. ಅಣ್ಣ ಅಂತ ಒಬ್ಬ ಇದ್ದದ್ದೇ ಸಾಕಾಗಿದೆ ನನಗೆ. ಇನ್ನೊಬ್ಬನ್ನ ಇಟ್ಕೊಂಡು ಏನ್ಮಾಡ್ಲಿ?"

ಹೇಳಿ, ಹೊರಗೆ ಹೋಗಿ, ತನ್ನ ಷಟರ್ ಎತ್ತಿದಳು. ಲೆವೆಲ್ಲಪ್ಪ ನಿಂತಲ್ಲೇ ನಿಂತಿದ್ದ. ಒಳಗೆ ಹೋಗಿದ್ದ ಮಾತು ಇನ್ನೂ ತಳ ಮುಟ್ಟಿರಲಿಲ್ಲ.

ಪೋಸ್ಟ್‌ಮ್ಯಾನ್ ಎಡಗೆನ್ನೆಯ ನೊರೆಯನ್ನು ತಾನೇ ಟವೆಲಿನಲ್ಲಿ ಒರೆಸಿಕೊಂಡು ಕುರ್ಚಿಯಿಂದ ಎದ್ದ. ಲೆವೆಲ್ಲಪ್ಪನ ಕೈಯಿಂದ ಕತ್ತಿಯನ್ನು ತೆಗೆದು ಹಲಗೆಯ ಮೇಲಿಟ್ಟ.

"ಹೋಗಪ್ಪ ಪಕ್ಕದ ಅಂಗಡಿಗೆ," ಎಂದ. "ನನ್ನ ಈ ಕೆನ್ನೆ ನಾಳೆ ಆಗುತ್ತೆ."